ಕೆಂಪು ದೀಪ, ಖಾಲಿ ಸೀಟು

ಶಾಲಾ ಬಸ್ಸಿನ ಪಕ್ಕದಿಂದ ನಿಲುಗಡೆ ಫಲಕ ಹೊರಚಾಚಿ ಕೆಂಪು ದೀಪ ಮಿನುಗಿದರೆ ಎರಡೂ ದಿಕ್ಕಿನ ವಾಹನಗಳು ನಿಲ್ಲಬೇಕು. ಕಾನೂನು ಹೇಳುವುದು ಇಷ್ಟೇ. ನಮ್ಮ ಬಸ್ಸಿನ ಚಾಲಕಿ ವರ್ಲೀನ್‌ಗೆ ಇದು ಸಾಲದು. ಎದುರಿನ ವಾಹನದ ಚಾಲಕ ಅವಳ ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸಿದ ಮೇಲೆಯೇ ಅವಳು ಆಚೆ ಬದಿಯ ಮಗುವಿಗೆ ಕೈ ಎತ್ತುವುದು. ಆ ಕೈ ಏಳದೆ ಮಕ್ಕಳೂ ರಸ್ತೆಗೆ ಕಾಲಿಡುವುದಿಲ್ಲ. ಅಮೆರಿಕದ ಆಸ್ಟಿನ್ ನಗರದ ಪೂರ್ವಭಾಗದ ಈ ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಅವಳ ಬೆನ್ನ ಹಿಂದೆಯೇ ಕೂರುತ್ತೇನೆ.

ಹಿಂದಿನ ವಾರ ಎದುರಿಗೆ ಚಾಲಕನಿಲ್ಲದ ಬಿಳಿ ಕಾರೊಂದು ಬಂದು ನಿಂತಿತು. ನೋಡಲು ಕಣ್ಣುಗಳಿರಲಿಲ್ಲ. ನಿಂತಿದೆಯಲ್ಲ ಎಂದು ವರ್ಲೀನ್ ಕೈ ಎತ್ತಿದಳು. ಎರಡನೇ ತರಗತಿಯ ಇತ್ಸೆಲ್ ರಸ್ತೆಗೆ ಇಳಿದಳು, ಕಾರು ಹೊರಟಿತು. ಹುಡುಗಿ ಹಿಂದಕ್ಕೆ ಹಾರಿದ್ದರಿಂದ ಉಳಿದಳು. ಕಾರು ಕಂಪನಿಯವರು ದೋಷ ಸರಿಪಡಿಸಿದ್ದೇವೆ ಎಂದರು. ಇತ್ಸೆಲ್‌ಳ ತಾಯಿ ಬಸ್ಸಿನ ಬಾಗಿಲಿಗೇ ಬಂದು, "ಅವ್ಳು ಕಾರ್ ನೋಡ್ಲಿಲ್ಲ ಮಿಸ್ ವರ್ಲೀನ್, ನಿಮ್ಮ ಕೈ ನೋಡಿದ್ಲು" ಎಂದು ಹೇಳಿ ಹೋದಳು.

ಇಂದು ಅಂಥದೇ ಕಾರು ಮತ್ತೆ ಬಂತು. ಸರಿಯಾದ ದೂರದಲ್ಲಿ, ಅಲುಗದೆ ನಿಂತಿತು. ಆಚೆ ಬದಿಯಲ್ಲಿ ಇತ್ಸೆಲ್. ವರ್ಲೀನ್‌ಳ ಕೈ ತೊಡೆಯ ಮೇಲೆಯೇ ಇತ್ತು.

"ಮಿಸ್ ವರ್ಲೀನ್, ಅದು ನಿಂತೈತಲ್ಲ!" ಎಂದು ಹಿಂದಿನ ಸೀಟಿನಿಂದ ಹುಡುಗ ಕೀಯನ್ ಕೂಗಿದ.

"ನಿಂತೈತೆ. ಯಾರು ನಿಲ್ಸಿರೋದು, ಹೇಳು ನೋಡಣ."

"ಇಳಿದು ಹೋಗಿ ಗುಡ್ ಮಾರ್ನಿಂಗ್ ಹೇಳ್ಬಿಟ್ಟು ಬನ್ನಿ, ಪಾಪ ಕಾಯ್ತೈತೆ!"

ಬಸ್ಸೆಲ್ಲ ನಕ್ಕಿತು. ಹಿಂದೆ ಹಾರ್ನ್‌ಗಳು ಶುರುವಾದವು.

"ಏನ್ಮಾಡ್ತೀರಿ?" ಎಂದು ಮೆಲ್ಲಗೆ ಕೇಳಿದೆ.

"ಗೊತ್ತಿಲ್ಲ ಕಣಮ್ಮ. ಸುಮ್ನಿರು ಸ್ವಲ್ಪ."

ಕಾರಿನ ಆ ಖಾಲಿ ಚಾಲಕನ ಸೀಟನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈ ಚಾಚಿ ಇತ್ಸೆಲ್‌ಗೆ ಅಲ್ಲೇ ನಿಲ್ಲುವಂತೆ ಸನ್ನೆ ಮಾಡಿ, ದೀಪ ಆರಿಸಿ, ಫಲಕವನ್ನು ಒಳಗೆ ಮಡಚಿದಳು. ಮಗು ಹತ್ತುವ ಮೊದಲು ಹಾಗೆ ಮಾಡಬಾರದು. ಬಸ್ಸಿನ ಕ್ಯಾಮೆರಾ ಅದನ್ನೂ ಕಂಡಿರುತ್ತದೆ. ಬಿಳಿ ಕಾರು ಸದ್ದಿಲ್ಲದೆ ಸಾಗಿಹೋಯಿತು. ಅವಳು ಫಲಕವನ್ನು ಮತ್ತೆ ಚಾಚಿದಳು. ಈಗ ಎದುರಿಗೆ ಹಳೆಯ ಪಿಕಪ್ ನಿಂತಿತು. ಮುದುಕನೊಬ್ಬ ಸ್ಟೀರಿಂಗ್ ಮೇಲಿನ ಎರಡು ಬೆರಳು ಎತ್ತಿ ತಲೆಯಾಡಿಸಿದ.

ವರ್ಲೀನ್ ಕೈ ಎತ್ತಿದಳು.

ಇತ್ಸೆಲ್ ಕದಲಲಿಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬಗ್ಗಿ ಪಿಕಪ್ಪಿನ ಚಕ್ರಗಳನ್ನು ನೋಡಿದಳು. ನಂತರವೇ ರಸ್ತೆ ದಾಟಿ ಮೆಟ್ಟಿಲು ಹತ್ತಿ, "ಗುಡ್ ಮಾರ್ನಿಂಗ್ ಮಿಸ್ ವರ್ಲೀನ್" ಎಂದಳು.

"ಗುಡ್ ಮಾರ್ನಿಂಗ್ ಪುಟ್ಟಿ. ಹಂಗೇ ನೋಡ್ಕೊಂಡು ಬಾ ದಿನಾ" ಎಂದು ಹೇಳಿ ಅವಳು ಬಾಗಿಲು ಮುಚ್ಚಿದಳು. ಫಲಕ ಮಡಚಿ ಬಸ್ಸು ಹೊರಡಿಸಿದಳು.