ಗುಂಡುವಿನ ಎದೆಪಟ್ಟಿ

ಒಣಹುಲ್ಲು, ಮರದ ಹೊಟ್ಟು, ಅವುಗಳ ನಡುವೆ ಬೆಚ್ಚಗಿನ ತುಪ್ಪಳ. ಮೊಲದ ಗೂಡಿನ ವಾಸನೆ ಎಂದರೆ ಇದು. ನನ್ನ ತಂದೆ ಹಿತ್ತಲಲ್ಲಿ ಮೊಲ ಸಾಕುತ್ತಿದ್ದರು. ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಗೂಡಿನ ಜಾಲರಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಎಷ್ಟೋ ವರ್ಷಗಳ ಮೇಲೆ ನನ್ನ ಮೊಮ್ಮಗಳು ಒಂದು ಬೂದು ಮೊಲವನ್ನು ರಟ್ಟಿನ ಡಬ್ಬಿಯಲ್ಲಿ ಹೊತ್ತು ಬಂದಾಗ, ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ನನಗೆ ಗೊತ್ತಾಯಿತು.

"ಗಿಡ್ಡ ತಳಿಯಂತೆ ಅಜ್ಜಿ. ಪೂರ್ತಿ ಬೆಳೆದಾಗಿದೆ, ಇನ್ನು ಬೆಳೆಯೋದೇ ಇಲ್ಲ ಅಂತ ಅಂಗಡಿಯವರು ಹೇಳಿದ್ರು," ಎಂದಳು.

ನಾವಿರುವುದು ಮೂರನೇ ಮಹಡಿಯ ಚಿಕ್ಕ ಮನೆ. ಬೆಳೆಯದ ಮೊಲ ಎಂದೇ ಮಗಳು ಒಪ್ಪಿದ್ದಳು. ಅವಳು ಮಕ್ಕಳ ವಾರ್ಡಿನಲ್ಲಿ ನರ್ಸು. ಅಂಗಡಿಯವನು ಕೊಟ್ಟ ತೂಕದ ಪಟ್ಟಿಯನ್ನು ಅಂದೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಗಿಡ್ಡ ತಳಿ ಒಂದೂಕಾಲು ಕಿಲೋ ದಾಟಬಾರದು, ದೊಡ್ಡ ತಳಿ ಐದರ ಮೇಲೂ ಹೋಗಬಹುದು ಎಂದು ಅದರಲ್ಲಿತ್ತು. ನಾನು ಹಳೆಯ ರಿಬ್ಬನ್ನಿನಿಂದ ಮೊಲಕ್ಕೊಂದು ಎದೆಪಟ್ಟಿ ಹೊಲಿದೆ. ಕತ್ತಿಗೊಂದು ಸುತ್ತು, ಹೊಟ್ಟೆಗೊಂದು ಸುತ್ತು, ಎರಡನ್ನೂ ಸೇರಿಸಲು ಬೆನ್ನ ಮೇಲೊಂದು ಪಟ್ಟಿ. ಅಳತೆ ಇಟ್ಟು ಹೊಲಿದದ್ದು, ಸರಿಯಾಗಿ ಕೂತಿತು.

ತಿಂಗಳು ಕಳೆಯುವುದರೊಳಗೆ ಮೊಲ ಒಂದೂಮುಕ್ಕಾಲು ಕಿಲೋ ತೂಗಿತು. ಮಗಳು ತಕ್ಕಡಿಯನ್ನೂ ಫ್ರಿಜ್ಜನ್ನೂ ನೋಡಿದಳು.

"ಬೊಜ್ಜು ಬಂದಿದೆ. ದಪ್ಪಗಾದ ಮೊಲದ ಹಿಂಗಾಲು ಹುಣ್ಣಾಗುತ್ತೆ, ಹೃದಯಕ್ಕೂ ಕಷ್ಟ. ಇವತ್ತಿಂದ ಅರ್ಧ ಊಟ. ಹುಲ್ಲೂ ಒಂದು ಹಿಡಿ ಮಾತ್ರ."

ಮೊಲಕ್ಕೆ ಗುಂಡು ಎಂದು ಹೆಸರು ಬಿದ್ದದ್ದು ಆಗಲೇ. ಸಕ್ಕರೆ ಕಾಯಿಲೆಯಿಂದಾಗಿ ನಮ್ಮ ಮನೆಯವರ ತಟ್ಟೆಯೂ ಮಗಳ ಕಣ್ಗಾವಲಿನಲ್ಲೇ ಇತ್ತು. ಅವರು ಗೂಡಿನ ಪಕ್ಕ ಕುರ್ಚಿ ಎಳೆದುಕೊಂಡು, "ಬಾರಪ್ಪ, ಇಬ್ಬರೂ ಒಂದೇ ಜೈಲು," ಎನ್ನುತ್ತಿದ್ದರು. ತಮ್ಮ ಪಾಲಿನ ಸೌತೆಕಾಯಿಯ ಒಂದು ಬಿಲ್ಲೆಯನ್ನು ಅಂಗೈಯಲ್ಲಿ ಅಡಗಿಸಿ ಅದಕ್ಕೆ ಕೊಡುತ್ತಿದ್ದುದನ್ನು ನಾನು ನೋಡಿಯೂ ನೋಡದಂತಿದ್ದೆ.

ಬರಬರುತ್ತಾ ಗುಂಡು ಓಡಾಟ ಕಡಿಮೆ ಮಾಡಿತು. ಗೂಡಿನ ಮರದ ಅಂಚು ಕೆರೆದು ತಿನ್ನತೊಡಗಿತು. ಮೊಮ್ಮಗಳು ಊಟಕ್ಕೆ ಕೂತರೆ ಜಾಲರಿಗೆ ಮುಂಗಾಲು ಕೊಟ್ಟು ನಿಲ್ಲುತ್ತಿತ್ತು. ಅವಳು ತಟ್ಟೆ ಎತ್ತಿಕೊಂಡು ಅದಕ್ಕೆ ಬೆನ್ನು ತಿರುಗಿಸಿ ಕೂರುತ್ತಿದ್ದಳು.

"ಇದರ ಕಿವಿ ನೋಡೇ," ಎಂದೆ ಮಗಳಿಗೆ. "ಗಿಡ್ಡ ತಳಿಯ ಕಿವಿ ನನ್ನ ಕಿರುಬೆರಳಷ್ಟಿರುತ್ತೆ. ಇದರದ್ದು ಅಂಗೈ ದಾಟಿದೆ. ಹಿಂಗಾಲಿನ ಪಾದ ನೋಡು, ಚಿಕ್ಕ ಹುಡುಗ ಅಣ್ಣನ ಚಪ್ಪಲಿ ಹಾಕ್ಕೊಂಡ ಹಾಗಿದೆ."

"ತಾತ ಸಾಕ್ತಿದ್ದದ್ದು ಬೇರೆ ಮೊಲ ಅಮ್ಮಾ. ಪಟ್ಟಿಯಲ್ಲಿ ಸ್ಪಷ್ಟವಾಗಿದೆಯಲ್ಲ."

"ಪಟ್ಟಿ ಸರಿಯಾಗೇ ಇದೆ. ನಾವು ಯಾವ ಸಾಲು ಓದಬೇಕು ಅನ್ನೋದೇ ತಪ್ಪಿದ್ರೆ?"

"ಹಾಗಾದ್ರೆ ತೂಕ ಯಾಕೆ ಏರ್ತಾ ಇಲ್ಲ? ಬೆಳೆಯೋ ಮರಿ ಆಗಿದ್ರೆ ಏರಬೇಕಿತ್ತು."

ಅವಳ ಪ್ರಶ್ನೆಯೂ ನ್ಯಾಯವಾದದ್ದೇ. ಊಟ ಅರ್ಧ ಕೊಟ್ಟರೆ ತಕ್ಕಡಿ ಏನು ಸಾಕ್ಷಿ ಹೇಳೀತು? ಬೆಳೆದು ನಿಂತ ಗಿಡ್ಡ ಮೊಲವೂ ಬೆಳೆಯುತ್ತಿರುವ ದೊಡ್ಡ ತಳಿಯ ಮರಿಯೂ ಒಂದು ದಿನ ಒಂದೇ ತೂಕ ತೂಗಿಯಾವು. ಅಂದು ಸಂಜೆ ನಾನು ನಿರ್ಧಾರ ಮಾಡಿದೆ. ಈ ಪ್ರಾಣಿಯನ್ನು ಹಸಿವಿನಲ್ಲಿ ಮಲಗಿಸುವುದು ಇನ್ನು ಸಾಧ್ಯವಿಲ್ಲ. ಹಾಗೆಂದು ಮಗಳ ಬೆನ್ನ ಹಿಂದೆ ತಿನ್ನಿಸುವುದೂ ಇಲ್ಲ. ಅವಳೇ ಒಪ್ಪಬೇಕು, ಅದೂ ಅಳತೆ ನೋಡಿ. ಅವಳು ನಂಬುವುದು ಅಳತೆಯನ್ನೇ.

ಮನೆಯಲ್ಲಿ ಇನ್ನೊಂದು ಅಳತೆ ಇತ್ತು. ಮೊದಲ ವಾರದ ಮೇಲೆ ಯಾರೂ ಮುಟ್ಟದೆ ಮೊಳೆಗೆ ನೇತುಬಿದ್ದಿದ್ದ ಎದೆಪಟ್ಟಿ. ಮಗಳು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮೊಮ್ಮಗಳು ಗುಂಡುವನ್ನು ಎತ್ತಿ ಮೇಜಿನ ಮೇಲೆ, ಟವೆಲಿನ ಮೇಲೆ ಕೂರಿಸಿದಳು.

"ಕಾಫಿನಾದ್ರೂ ಕುಡೀಲಾ, ಇಲ್ಲಾ ನೇರ ವಿಚಾರಣೆನಾ?" ಎಂದಳು ಮಗಳು.

"ಎರಡೇ ನಿಮಿಷ ಕಣೆ. ಇದನ್ನ ನೀನೇ ತೊಡಿಸು."

ಅವಳು ಕೈ ತೊಳೆದು, ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಬಂದಳು. ವಾರ್ಡಿನ ಮಕ್ಕಳನ್ನು ಮುಟ್ಟುವ ಮೊದಲಿನ ಅಭ್ಯಾಸ ಅದು. ಮೊಲಕ್ಕೂ ಅದೇ ಮರ್ಯಾದೆ ಸಲ್ಲಿಸಿದಳು. ಕತ್ತಿನ ಸುತ್ತು ಹಾಕಿದಳು. ಹೊಟ್ಟೆಯ ಸುತ್ತಿನ ಗುಂಡಿ ಹಾಕಲು ಹೋದರೆ, ಬೆನ್ನ ಪಟ್ಟಿ ಅಷ್ಟು ದೂರ ತಲುಪಲೇ ಇಲ್ಲ. ಮೊದಲು ಕೂರುತ್ತಿದ್ದ ಜಾಗಕ್ಕಿಂತ ಮೂರು ಬೆರಳು ಕತ್ತಿನ ಕಡೆಗೇ ನಿಂತಿತು. ನಾನು ಬೆನ್ನ ಪಟ್ಟಿಯ ಹೊಲಿಗೆ ಬಿಚ್ಚಿ, ಹೊಟ್ಟೆಯ ಸುತ್ತನ್ನು ಹಳೆಯ ಜಾಗಕ್ಕೇ ಕಟ್ಟಲು ಹೇಳಿದೆ. ಗುಂಡಿ ಹಾಕಿದಳು. ಆ ಸುತ್ತು ಸಡಿಲವಾಗಿ ಹೊಟ್ಟೆಯ ಕೆಳಗೆ ಜೋತುಬಿತ್ತು.

"ಬೊಜ್ಜು ಬಂದಿದ್ರೆ ಬಿಗೀಬೇಕಿತ್ತು ತಾನೆ?" ಎಂದರು ನಮ್ಮ ಮನೆಯವರು ಕುರ್ಚಿಯಿಂದ. "ನನ್ನ ಪ್ಯಾಂಟು ಬಿಗಿದ ಹಾಗೆ."

"ಅಪ್ಪಾ, ಸುಮ್ನಿರಿ."

ಅವಳು ಪಟ್ಟಿ ಕಳಚಿ ಬದಿಗಿಟ್ಟಳು. ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ನಿಧಾನವಾಗಿ ಕೆಳಕ್ಕೆ ಎಳೆದಳು. ನನ್ನ ತಂದೆ ಮಾಡುತ್ತಿದ್ದದ್ದೂ ಹೀಗೆಯೇ; ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದಟ್ಟ ತುಪ್ಪಳದ ಕೆಳಗೆ ಮೂಳೆಯ ಗಂಟುಗಳು ಒಂದೊಂದಾಗಿ ಅವಳ ಬೆರಳಿಗೆ ಸಿಕ್ಕಿರಬೇಕು. ಅವಳ ಕೈ ಅರ್ಧದಲ್ಲೇ ನಿಂತಿತು.

"ವಾರ್ಡಿಗೆ ಇಂಥ ಮಕ್ಕಳು ಬರ್ತವೆ," ಎಂದಳು ತಗ್ಗಿದ ದನಿಯಲ್ಲಿ. "ಅಂಗಿ ಉದ್ದದಲ್ಲಿ ಸಾಲಲ್ಲ, ಸೊಂಟದಲ್ಲಿ ನಿಲ್ಲಲ್ಲ. ನೋಡಿದ ತಕ್ಷಣ ನನಗೆ ಗೊತ್ತಾಗ್ತದೆ."

ಮೊಮ್ಮಗಳು ಟವೆಲಿನ ಅಂಚು ಹಿಡಿದು, "ಅಮ್ಮ, ಇದು ದೊಡ್ಡದಾದ್ರೆ ಮನೇಲಿ ಇಟ್ಕೊಳ್ಳಲ್ವಾ?" ಎಂದು ಕೇಳಿದಳು. ಇಷ್ಟು ದಿನ ಅವಳು ನನ್ನ ಪರ ಬಾಯಿ ಬಿಡದೆ ಇದ್ದದ್ದೇಕೆ ಎಂದು ಆಗ ತಿಳಿಯಿತು.

ಮಗಳು ಗೂಡಿನ ಅಗಲ ನೋಡಿದಳು, ಬಾಲ್ಕನಿ ನೋಡಿದಳು, ಬಟ್ಟೆ ಒಣಹಾಕುವ ಸ್ಟ್ಯಾಂಡು ನೋಡಿದಳು.

"ಸ್ಟ್ಯಾಂಡು ಒಳಗೆ ಬರಲಿ. ಅಲ್ಲಿ ದೊಡ್ಡ ಗೂಡು ಕೂರುತ್ತೆ. ನಾಳೆ ಪ್ರಾಣಿ ಡಾಕ್ಟರಿಗೆ ತೋರಿಸೋಣ. ಕಾಳು ಒಂದೇ ಸಲ ಜಾಸ್ತಿ ಮಾಡೋದು ಬೇಡ, ದಿನಾ ಸ್ವಲ್ಪ ಸ್ವಲ್ಪ ಏರಿಸೋಣ. ಹುಲ್ಲಿಗೆ ಮಿತಿ ಬೇಡ."

ನಂತರ ಫ್ರಿಜ್ಜಿನ ಹತ್ತಿರ ಹೋಗಿ, ಗಿಡ್ಡ ತಳಿಯ ಸಾಲಿನ ಕೆಳಗೆ ತಾನೇ ಎಳೆದಿದ್ದ ಕೆಂಪು ಗೆರೆಯನ್ನು ಹೊಡೆದುಹಾಕಿದಳು. ದೊಡ್ಡ ತಳಿಯ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಡಾಕ್ಟರು ನೋಡುವವರೆಗೆ ಅದಕ್ಕಿಂತ ಹೆಚ್ಚು ಬರೆಯುವವಳಲ್ಲ ನನ್ನ ಮಗಳು.

ಅವಳಿಗೆಂದು ಮಾಡಿಟ್ಟಿದ್ದ ಕಾಫಿ ಆರಿಹೋಗಿತ್ತು. ಬಿಸಿ ಮಾಡಿ ಕೊಡೋಣವೆಂದು ನಾನು ಎದ್ದೆ. ಅಷ್ಟರಲ್ಲಿ ಅವಳು ಬಾಲ್ಕನಿಯ ಚೀಲದಿಂದ ಒಣಹುಲ್ಲನ್ನು ಎರಡೂ ತೋಳು ತುಂಬ ತಬ್ಬಿ ತಂದಳು. ಯೂನಿಫಾರ್ಮಿನ ತುಂಬ ಹುಲ್ಲಿನ ಎಸಳು ಅಂಟಿದ್ದವು. ಗುಂಡುವಿಗೆ ಹಾಕಲೆಂದು ಅಷ್ಟನ್ನೂ ಮೊಮ್ಮಗಳ ಮಡಿಲಿಗೆ ಸುರಿದಳು.