ತಣ್ಣನೆಯ ಗುಂಡಿ

“ಒತ್ತು ಮಾರಾಯ್ತಿ, ಹೆಬ್ಬೆಟ್ಟು ಒತ್ತು! ಕುಡ್ದು ಸತ್ತವನ ಹೆಂಡ್ತಿಗೆ ಎಂತ ಸೊಕ್ಕು ನೋಡು!”

ಗಂಡ ಕುಡಿದು ಸತ್ತನೆಂದು ಬರೆದ ಕಾಗದದ ಕಡೆಗೆ ಗುತ್ತಿಗೆದಾರ ಸರ್ವೋತ್ತಮ ಅವಳ ಕೈ ಹಿಡಿದು ಎಳೆದ. ಸಾಬವ್ವ ಮುಷ್ಟಿ ಬಿಗಿದಳು.

“ಕೈ ಬಿಡೋ ಭಾಡ್ಯಾ! ಹೆಂಡದ ವಾಸನಿ ಬಂದ್ರ ಮೂಗ ಮುಚ್ಕೋತಿದ್ದ ನನ್ ಗಂಡ.”

ಮುಂಬೈ ಹತ್ತಿರದ ಥಾಣೆ-ಬೇಲಾಪುರ ರಸ್ತೆಯ ಆ ಕಾರಖಾನೆಯಲ್ಲಿ, ಪಕ್ಕದ ಫ್ಯಾಕ್ಟರಿ ಚಿಮಣಿಗೆ ಬಿಡುವ ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿದು, ಒತ್ತಿ, ಟಾಕಿಯಲ್ಲಿ ಕೂಡಿಟ್ಟು ಸೋಡಾ ಕಂಪನಿಗಳಿಗೆ ಮಾರುತ್ತಿದ್ದರು. ಹೊಗೆಗೂ ಬೆಲೆಯಿದ್ದ ಊರು ಅದು, ಹಮಾಲನಿಗೆ ಮಾತ್ರ ಇರಲಿಲ್ಲ. ಟಾಕಿಯ ಬುಡದಲ್ಲಿ ವಾಲ್ವಿನ ಗುಂಡಿ. ತೊಂಬತ್ತೈದರ ಮೇ ತಿಂಗಳ ಬಿಸಿಲಿಗೆ ತಗಡಿನ ಶೆಡ್ಡಿನಲ್ಲಿ ಕೂರಲಾಗದೆ, ಸಾಬವ್ವನ ಗಂಡ, ಸಿಲಿಂಡರ್ ಹೊರುವ ಮಹಾದೇವಪ್ಪ ಬುತ್ತಿ ಹಿಡಿದು ಅದರೊಳಗೆ ಇಳಿದ. ಕಲಬುರ್ಗಿ ಕಡೆಯವನು ತಂಪು ಸಿಕ್ಕರೆ ಅನುಮಾನ ಪಡುತ್ತಾನೆಯೇ? ವಾಲ್ವು ಸೋರಿ, ಕಣ್ಣಿಗೆ ಕಾಣದ, ಉಸಿರು ಕಟ್ಟಿಸುವ ಭಾರದ ಗಾಳಿ ಗುಂಡಿಯ ತುಂಬ ನಿಂತಿತ್ತು. ಹೆಣ ಮೇಲೆ ಬಂದಾಗ ಅರ್ಧ ತಿಂದ ರೊಟ್ಟಿ ಕೈಯಲ್ಲೇ ಇತ್ತು.

ಸಾಬವ್ವ ಈಗಲೂ ನಸುಕಿನಲ್ಲಿ ಇಬ್ಬರಿಗಾಗುವಷ್ಟು ಹಿಟ್ಟು ನಾದುತ್ತಾಳೆ. ಉಳಿದದ್ದನ್ನು ಕೊಡಲು ಯಾರೂ ಇಲ್ಲ. ಸರ್ವೋತ್ತಮನಿಗೆ ಹೆದರಿ ಕೋಪರಖೈರಣೆಯ ಚಾಳಿನ ಅಕ್ಕಪಕ್ಕದ ಮನೆಯವರು ಅವಳ ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ. ಅಷ್ಟು ಜನರ ನಡುವೆ ಅವಳು ಒಬ್ಬಳೇ. ಗಂಡನಿಗೆ ಮೆತ್ತಿದ ಕುಡುಕನೆಂಬ ಹೆಸರು ತೊಳೆಯುವುದೊಂದೇ ಅವಳಿಗೆ ಉಳಿದಿತ್ತು.

ಸಾವಿನ ತನಿಖೆಗೆ ಬಂದ ಸರಕಾರಿ ಇನ್‌ಸ್ಪೆಕ್ಟರ್ ಗುಂಡಿಯಿಂದ ಮಾರು ದೂರ ಖುರ್ಚಿ ಹಾಕಿಸಿಕೊಂಡು ಸೋಡಾ ಕುಡಿಯುತ್ತಿದ್ದ. ಮರಾಠಿಯಲ್ಲಿ ಏನೋ ಅಂದ. ಸರ್ವೋತ್ತಮ ಅದನ್ನು ಕನ್ನಡದಲ್ಲಿ ಹೇಳಿದ.

“ಇದು ವಿಷ ಅಲ್ಲ ಅಂತಾರೆ ಸಾಹೇಬ್ರು. ಈ ಸೋಡಾದಲ್ಲಿರೋದೂ ಇದೇ ಗ್ಯಾಸು. ಮತ್ತೆ, ಕೆಲಸಕ್ಕೆ ಇಳಿಸೋದಾದ್ರೆ ಪರ್ಮಿಟ್ ಬೇಕು, ಕಾಯ್ದೆ ಉಂಟು. ಊಟಕ್ಕೆ ಇಳಿದವನಿಗೆ ಎಂತ ಕಾಯ್ದೆ?”

“ವಿಷ ಅಲ್ಲೇನು?”

“ಅಲ್ಲ ಅಂದೆ ಅಲ್ವಾ!”

ಸಾಬವ್ವ ಖುರ್ಚಿಯ ಪಕ್ಕದಲ್ಲಿದ್ದ ಸಾಹೇಬನ ಚರ್ಮದ ಚೀಲ ಎತ್ತಿದವಳೇ ಗುಂಡಿಗೆ ಎಸೆದಳು. ಮಹಾದೇವಪ್ಪ ಒರಗಿ ಸತ್ತ ಜಾಗದಲ್ಲೇ ಅದು ಬಿತ್ತು.

“ಹಂಗಾದ್ರ ಇಳದು ತಗೋರಿ.”

ಇನ್‌ಸ್ಪೆಕ್ಟರ್ ಧಡಕ್ಕನೆ ಎದ್ದ. ಗುಂಡಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ. ವಾಲ್ವು ಇನ್ನೂ ಸುಂಯ್ಯೆನ್ನುತ್ತಿತ್ತು. ಅವನು ಸರ್ವೋತ್ತಮನ ಮುಖ ನೋಡಿದ. ಸರ್ವೋತ್ತಮ, ಸಿಲಿಂಡರ್ ಹೊತ್ತು ಹೋಗುತ್ತಿದ್ದ ಹಮಾಲ ಸಂಗಮೇಶನ ಕಡೆ ತಿರುಗಿದ.

“ಏಯ್ ಬೇವರ್ಸಿ, ಇಳಿಯೋ! ಚೀಲ ತಾ!”

ಸಂಗಮೇಶ ಹೆಗಲ ಮೇಲಿನ ಸಿಲಿಂಡರ್ ಇಳಿಸಿ ಅದರ ಮೇಲೆ ಕೂತ.

“ಕೆಲಸಕ್ಕ ಇಳಿಸಾಕತ್ತೀರಿ ಮಾಲಕ್ರ. ಪರ್ಮಿಟ್ ಕೊಡ್ರಿ.”

ಉಳಿದ ಹಮಾಲರೂ ಒಬ್ಬೊಬ್ಬರಾಗಿ ಹೊರೆ ಇಳಿಸಿದರು. ಯಾರೂ ಸಾಬವ್ವನ ಹತ್ತಿರ ಬರಲಿಲ್ಲ. ಅವಳು ಗುಂಡಿಯ ಮೇಲಿನ ಮೆಟ್ಟಿಲ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿ, ತನ್ನ ಪಾಲಿನ ರೊಟ್ಟಿ ಮುರಿದಳು. ಕೆಳಗೆ ಚೀಲ ಬಿದ್ದೇ ಇತ್ತು.