ತಿನ್ನಬಾರದ ಎಲೆ

ಅನ್ನದ ಜೊತೆ ಬೇಯಿಸಿದ್ದನ್ನು ತಿನ್ನಬಾರದು ಎಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಇಂದ್ರಮ್ಮನಿಗಂತೂ ಬಂತು. ತಮಿಳುನಾಡಿನ ಗಡಿಯೊಳಗಿರುವ ಗುಮ್ಮಳಾಪುರದಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಐವತ್ತೆಂಟು ವರ್ಷ ಮುದ್ದೆ ಬಸ್ಸಾರು ಉಂಡು ಬಂದವಳು ಅವಳು. ಪಾತ್ರೆಗೆ ಬಿದ್ದದ್ದೆಲ್ಲ ಹೊಟ್ಟೆಗೆ ಹೋಗಬೇಕು ಎನ್ನುವುದು ಅವಳ ಕಾನೂನು. ಕರಿಬೇವನ್ನೂ ಬಿಡದೆ ಅಗಿಯುತ್ತಿದ್ದಳು. ಅಂಥವಳ ತಟ್ಟೆಯಲ್ಲಿ ಒಂದು ಮಧ್ಯಾಹ್ನ ತರಕಾರಿ ಅನ್ನದ ನಡುವೆ ಬೆರಳುದ್ದದ, ಎರಡೂ ತುದಿ ಚೂಪಾದ ಒಂದು ಎಲೆ ಮಲಗಿತ್ತು.

“ಇದೇನೇ ಇದು?”

“ಪಲಾವ್ ಎಲೆ ಅತ್ತೆ. ಘಮ್ಮನ್ಲಿ ಅಂತ ಹಾಕೋದು. ತಿನ್ಬಾರ್ದು, ಪಕ್ಕಕ್ಕಿಡಿ,” ಎಂದಳು ಸೊಸೆ ಉಷಾರಾಣಿ.

“ತಿನ್ಬಾರ್ದು ಅಂದ್ಮೇಲೆ ಯಾಕೆ ಹಾಕ್ದೆ?”

ಉಷಾರಾಣಿ ನಕ್ಕುಬಿಟ್ಟಳು. ಆ ನಗು ಇಂದ್ರಮ್ಮನಿಗೆ ಸ್ವಲ್ಪವೂ ಹಿಡಿಸಲಿಲ್ಲ.

ಉಷಾರಾಣಿ ತುಮಕೂರು ಕಡೆಯವಳು. ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಇಂದ್ರಮ್ಮನ ಮಗ ಜಗನ್ ಅವಳನ್ನು ಮೆಚ್ಚಿಕೊಂಡಿದ್ದ. ಮದುವೆಯ ಮಾತಾಡಲು ಬಂದಿದ್ದ ಅವಳ ತಾಯಿಯನ್ನು ಇಂದ್ರಮ್ಮ ಬಾಗಿಲಲ್ಲೇ ನಿಲ್ಲಿಸಿ, ಕೂತುಕೊಳ್ಳಿ ಎಂದೂ ಹೇಳದೆ ವಾಪಸು ಕಳಿಸಿದ್ದಳು. ಆದರೂ ಮದುವೆ ಆಯಿತು. ಈಗ ಮಂಡಿ ನೋವು ಬಂದು ಇಂದ್ರಮ್ಮನಿಗೆ ಒಲೆಯ ಮುಂದೆ ನಿಲ್ಲಲಾಗುವುದಿಲ್ಲ. ಜಗನ್ ಶಿಫ್ಟಿಗೆ ಹೋದರೆ ಮನೆಯಲ್ಲಿ ಇಬ್ಬರೇ, ಅಡುಗೆ ಪೂರ್ತಿ ಸೊಸೆಯ ಕೈಯಲ್ಲಿ. ತನ್ನ ತಾಯಿಗಾದ ಅವಮಾನದ ಬಗ್ಗೆ ಆ ಹುಡುಗಿ ಇದುವರೆಗೆ ಒಂದು ಮಾತೂ ಎತ್ತಿರಲಿಲ್ಲ. ಎತ್ತಿ ಜಗಳವಾಡಿದ್ದರೆ ಇಂದ್ರಮ್ಮ ನೆಮ್ಮದಿಯಾಗಿ ಇರುತ್ತಿದ್ದಳು.

ಎಲೆ ಮರುವಾರವೂ ಬಂತು, ಅದರ ಮರುವಾರವೂ ಬಂತು. ಕುರ್ಮದಲ್ಲಿ ಬಂತು, ಟೊಮೆಟೊ ಬಾತಿನಲ್ಲಿ ಬಂತು. ಜಗನ್ ಡಬ್ಬಿಯಲ್ಲಿ ಮಾತ್ರ ಒಂದೂ ಕಾಣಲಿಲ್ಲ. ಮಗನ ಡಬ್ಬಿಗೆ ಮೇಲಿನ ಅನ್ನ, ತಡವಾಗಿ ಉಣ್ಣುವ ತನಗೆ ತಳದ ಅನ್ನ, ಎಲೆ ಇರುವುದೂ ತಳದಲ್ಲೇ ಎಂದು ಅವಳಿಗೆ ಹೊಳೆಯಬೇಡವೇ? ಅನುಮಾನ ಹೊಕ್ಕ ತಲೆಗೆ ಅಂಥದ್ದೆಲ್ಲ ಎಲ್ಲಿ ಹೊಳೆಯುತ್ತದೆ! ಅವಳು ಎಲೆಗಳನ್ನು ತೊಳೆದು, ಒರೆಸಿ, ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಳ್ಳತೊಡಗಿದಳು.

ಒಂದು ದಿನ ಹಿತ್ತಲಲ್ಲಿ ಸೊಸೆ ತನ್ನ ತಂಗಿಯೊಂದಿಗೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಅರಳಿ ಎಲೆ ಇಲ್ಲೇ ಸಿಕ್ತು ಕಣೇ ಮಾಲಿನಿ. ಅತ್ತೆಗೆ ಗೊತ್ತಾಗ್ಬಾರ್ದು, ಗೊತ್ತಾದ್ರೆ ಮನೆ ಎತ್ತಾಕ್ಬುಡ್ತಾರೆ. ಹದಿನೈದ್ ದಿನ ಸಾಕು, ಮೈಯೆಲ್ಲಾ ಕರಗೋಗಿ ನರ ಮಾತ್ರ ಉಳೀತದೆ.”

ಇಂದ್ರಮ್ಮ ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು. ಅವಳು ಎಂಟನೇ ಕ್ಲಾಸಿನವರೆಗೆ ಓದಿದ್ದು ತಮಿಳಿನಲ್ಲಿ. ತಮಿಳಿನಲ್ಲಿ ಅರಳಿ ಎಂದರೆ ಕಣಗಿಲೆ. ಹೊಸೂರಿನ ಹೂವಿನ ಮಾರ್ಕೆಟ್ಟಿನಲ್ಲಿ ಆ ಹೂವನ್ನು ಅದೇ ಹೆಸರಿನಲ್ಲಿ ಕೂಗಿ ಮಾರುತ್ತಾರೆ, ಅವಳ ಬಾಯಲ್ಲಿ ನಿಂತಿರುವುದೂ ಅದೇ ಹೆಸರು. ಕೃಷ್ಣಗಿರಿ ಹೈವೇಯ ನಡುವೆ ಉದ್ದಕ್ಕೂ ಬೆಳೆದಿರುವ ಆ ಗಿಡಕ್ಕೆ ಮೇಕೆ ಕೂಡ ಬಾಯಿ ಹಾಕುವುದಿಲ್ಲ, ಅಷ್ಟು ವಿಷ. ಅದರ ಎಲೆಯೂ ಉದ್ದ, ಅದರ ತುದಿಯೂ ಚೂಪು.

ಅಂದಿನಿಂದ ಅವಳು ಅನ್ನ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅಂಗಡಿಯ ಬನ್ನು, ಬಾಳೆಹಣ್ಣು ತಿಂದಳು. ಮಂಡಿ ನೋವು ಹೆಚ್ಚಾದಂತೆ ಅನ್ನಿಸಿದಾಗಲೆಲ್ಲ ಮೈ ಕರಗುತ್ತಿದೆ ಎಂದು ಹೆದರಿದಳು. ಮಗನಿಗೆ ಹೇಳಿದರೆ ನಂಬುತ್ತಾನೆಯೇ? ನಂಬಿದರೆ ಸಂಸಾರ ಉಳಿಯುತ್ತದೆಯೇ? ಒಬ್ಬಳೇ ತಡೆದುಕೊಳ್ಳಲಾಗದೆ ಎದುರು ಮನೆಯ ಅಂಜಿನಮ್ಮನಿಗೆ ಹೇಳಿಬಿಟ್ಟಳು. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು.

ಮಾರನೇ ದಿನ ಬೆಳಿಗ್ಗೆ ಬಸ್ಸು ಹತ್ತಿ ಹೊಸೂರಿಗೆ ಹೋದಳು. ಅಲ್ಲಿ ಗಿಡಮೂಲಿಕೆ, ಮಸಾಲೆ ಮಾರುವ ಶ್ಯಾಮಣ್ಣ ಅವಳಿಗೆ ಹಳೆಯ ಪರಿಚಯ. ಸೆರಗಿನ ಗಂಟು ಬಿಚ್ಚಿ ಎಲೆಗಳನ್ನು ಅವನ ಮುಂದೆ ಇಟ್ಟಳು.

“ಇದು ವಿಷದ ಅರಳಿಯಾ ಶ್ಯಾಮಣ್ಣ? ನಿಜ ಹೇಳ್ಬುಡು.”

ಶ್ಯಾಮಣ್ಣ ಎಲೆಯನ್ನು ಬೆಳಕಿಗೆ ಹಿಡಿದ. “ನೋಡಕ್ಕ, ಬುಡದಿಂದ ತುದಿಗಂಟ ಮೂರು ನರ ಐತೆ. ಕಣಗಿಲೆಗೆ ನಡುವೆ ಒಂದೇ ನರ. ಇದು ತಮಿಳ್ರು ಬಿರಿಂಜಿ ಎಲೆ ಅಂತಾರಲ್ಲ, ತೆಲುಗ್ನೋರು ಬಿರಿಯಾನಿ ಆಕು ಅಂತಾರಲ್ಲ, ಅದೇಯ. ಗೋಣಿಗಟ್ಲೆ ಮಾರ್ತೀನಿ.”

“ಅರಳಿ ಎಲೆ ಅಂತ ನನ್ ಸೊಸೆ ಬಾಯಿಂದ್ಲೇ ಕೇಳಿವ್ನಿ!”

“ನಿನ್ ಸೊಸೆ ತುಮಕೂರೋಳಲ್ವಾ? ಅವ್ರ ಕನ್ನಡದಾಗೆ ಅರಳಿ ಅಂದ್ರೆ ಅಶ್ವತ್ಥ ಕಣಕ್ಕ. ನೀನು ದಿನಾ ಸುತ್ತೋ ಮರ!”

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ಇಂದ್ರಮ್ಮನಿಗೆ ಬದುಕಿದೆ ಎನ್ನಿಸಿತು, ಅದರ ಹಿಂದೆಯೇ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಎನ್ನಿಸಿತು. ಇನ್ನು ಈ ಹುಡುಗಿಯನ್ನು ಮಗಳ ಹಾಗೆ ನೋಡಿಕೊಳ್ಳಬೇಕು ಎಂದುಕೊಂಡೇ ಬಸ್ಸಿಳಿದಳು.

ಉಷಾರಾಣಿ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಗಬ್ಬು ನಾರುವ ಒಂದು ಬಕೆಟ್ಟು. ಒಳಗೆ ಅಶ್ವತ್ಥದ ಎಲೆಗಳು ಕೊಳೆತು, ಕೆಲವು ಆಗಲೇ ಬರೀ ಜಾಲರಿಯಾಗಿದ್ದವು.

“ಅಂಜಿನಮ್ಮ ಬಂದಿದ್ರು,” ಎಂದಳು. “ಇದಕ್ಕೆ ಬಣ್ಣ ಹಚ್ಚಿ ದೇವರ ಚಿತ್ರ ಬರೆದು ಮಾರಾಣ ಅಂತಿದ್ದೆ ಅತ್ತೆ. ವಾಸನೆಗೆ ಬೈತೀರಿ ಅಂತ ಮುಚ್ಚಿಟ್ಟಿದ್ದೆ.”

“ತಪ್ಪಾಯ್ತು ಕಣವ್ವ. ನಂದೇ ತಪ್ಪು,” ಎಂದಳು ಇಂದ್ರಮ್ಮ. ಜೀವಮಾನದಲ್ಲಿ ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಉಷಾರಾಣಿ ಒಳಗೆ ಹೋಗಿ ತಟ್ಟೆಗೆ ಅನ್ನ ಬಡಿಸಿಕೊಂಡು ಜಗಲಿಗೇ ತಂದಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಆ ತಟ್ಟೆಯಿಂದಲೇ ಒಂದು ತುತ್ತು ಕಲಸಿ, ಎದುರು ಮನೆಯ ಕಡೆ ಮುಖ ಮಾಡಿ ಬಾಯಿಗಿಟ್ಟು ನುಂಗಿದಳು. ಆಮೇಲೆ ತಟ್ಟೆಯನ್ನು ಅತ್ತೆಯ ಮುಂದೆ ಇಟ್ಟಳು. ಇಂದ್ರಮ್ಮ ಸೊಸೆಯ ಎಂಜಲನ್ನೇ ಉಂಡಳು, ಅವಳ ಕೋಪ ಇಳಿಯಲಿ ಎಂದು.

ಮಾರನೇ ದಿನವೂ ಹಾಗೆಯೇ ಆಯಿತು. ಮೂರನೇ ದಿನ ಇಂದ್ರಮ್ಮ ಅವಳ ಕೈ ಹಿಡಿದುಕೊಂಡಳು.

“ಬ್ಯಾಡ ಕಣೇ. ನಂಗೆ ನಿನ್ ಮೇಲೆ ನಂಬಿಕೆ ಐತೆ.”

“ನಿಮಗೈತೆ ಅತ್ತೆ,” ಎಂದಳು ಉಷಾರಾಣಿ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು. “ನಾಳೆ ನಿಮಗೆ ಸುಮ್ನೆ ಹೊಟ್ಟೆನೋವು ಬಂದ್ರೂ ಊರು ಯಾರ್ನ ಹಿಡ್ಕೊಳ್ತದೆ? ನಾನು ಮೊದ್ಲು ತಿಂದಿದ್ನ ನಾಕ್ ಜನ ನೋಡಿರ್ಲಿ.”

ಎದುರು ಮನೆಯ ಬಾಗಿಲಲ್ಲಿ ಅಂಜಿನಮ್ಮ ನಿಂತಿದ್ದಳು, ಅವಳ ಜೊತೆ ಇನ್ನಿಬ್ಬರಿದ್ದರು. ಇಂದ್ರಮ್ಮ ಹಿಡಿದಿದ್ದ ಕೈಯನ್ನು ಬಿಟ್ಟಳು. ಸೊಸೆ ತುತ್ತು ಅಗಿದು ನುಂಗಿ ಮುಗಿಸುವವರೆಗೆ ತಲೆ ತಗ್ಗಿಸಿ ಕಾದಳು.